ಓದದ ಪುಸ್ತಕಕ್ಕೆ ವಸೂಲಾತಿ ಇಲ್ಲ

ಪೀಠಿಕೆ

ಹತ್ತನೇ ತರಗತಿಯ ಯಾವ ಮಗುವನ್ನಾದರೂ ನಡುರಾತ್ರಿ ಎಬ್ಬಿಸಿ ಕೇಳಿ, ‘ಗ್ರಂಥಾಲಯಗಳ ಮಹತ್ವ’ ಎಂಬ ಪ್ರಬಂಧವನ್ನು ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಸಮೇತ ಒಪ್ಪಿಸಿಬಿಡುತ್ತದೆ. ಗ್ರಂಥಾಲಯ ಜ್ಞಾನದ ಭಂಡಾರ. ದೇಶ ಸುತ್ತು, ಕೋಶ ಓದು ಎಂದು ಹಿರಿಯರು ಹೇಳಿದ್ದಾರೆ. ಪುಸ್ತಕ ನಮ್ಮ ನಿಜವಾದ ಮಿತ್ರ. ಆದ್ದರಿಂದ ಪ್ರತಿಯೊಬ್ಬರೂ ಗ್ರಂಥಾಲಯದ ಸದುಪಯೋಗ ಪಡೆದುಕೊಳ್ಳಬೇಕು. ಶೀರ್ಷಿಕೆಗೆ ಅಡಿಗೆರೆ ಎಳೆದು, ಒತ್ತಕ್ಷರ ತಪ್ಪಿಸದೆ ಬರೆದರೆ ಅಂಕ ಪೂರ್ತಿ. ಬರೆಯುವವರು ಒಮ್ಮೆಯಾದರೂ ಗ್ರಂಥಾಲಯದೊಳಗೆ ಕಾಲಿಟ್ಟಿರಬೇಕೆಂಬ ಷರತ್ತು ಎಲ್ಲೂ ಇಲ್ಲ. ಕಾಲಿಡದಿದ್ದರೆ ಒಳ್ಳೆಯದೇ. ಕಂಡದ್ದನ್ನು ಕಂಡ ಹಾಗೆ ಬರೆದು ಅಂಕ ಕಳೆದುಕೊಳ್ಳುವ ಅಪಾಯ ಇರುವುದಿಲ್ಲ.

ಸರ್ಕಾರಿ ಪ್ರೌಢಶಾಲೆಯ ಗ್ರಂಥಾಲಯ ಮಕ್ಕಳಿಗೆ ಹೇಗೆ ಬೆಂಬಲವಾಗಿ ನಿಂತಿದೆ ಎಂಬ ಈ ಬರಹವನ್ನೂ ಅದೇ ಮಾದರಿಯಲ್ಲಿ ಬರೆದಿದ್ದೇನೆ. ಗೈಡು ಬರೆದವರು ಸ್ಥಳಾಭಾವದಿಂದ ಬಿಟ್ಟಿರಬಹುದಾದ ಕೆಲವು ಅಂಶಗಳನ್ನು ಮಾತ್ರ ಸೇರಿಸಿದ್ದೇನೆ.

ವಿಷಯ ನಿರೂಪಣೆ

ಗ್ರಂಥಾಲಯ ಎಲ್ಲಿದೆ ಎಂಬುದು ಮೊದಲ ಪ್ರಶ್ನೆ. ಕಾಗದದ ಮೇಲಂತೂ ಇದೆ. ದೇಶದ ಶಾಲೆಗಳ ಲೆಕ್ಕ ಇಡುವ ಯು-ಡೈಸ್ ಪ್ಲಸ್ ವರದಿ ಬಲು ಉದಾರಿ. ಗ್ರಂಥಾಲಯ, ಪುಸ್ತಕ ಬ್ಯಾಂಕು, ಓದುವ ಮೂಲೆ ಈ ಮೂರನ್ನೂ ಅದು ಒಂದೇ ಕಾಲಮ್ಮಿನಲ್ಲಿ ಕೂರಿಸುತ್ತದೆ. ಮೂರರಲ್ಲಿ ಯಾವುದೊಂದಿದ್ದರೂ ‘ಇದೆ’. ಮೂಲೆಯೇ ಇಲ್ಲದ ಕೊಠಡಿಯನ್ನು ನಮ್ಮ ಗುತ್ತಿಗೆದಾರರು ಇನ್ನೂ ಕಟ್ಟಿಲ್ಲವಾದ್ದರಿಂದ, ಗ್ರಂಥಾಲಯವಿಲ್ಲದ ಶಾಲೆ ಸಿಗುವುದು ಕಷ್ಟ.

ನೆಲದ ಮೇಲೆ ಹುಡುಕಿಕೊಂಡು ಹೋದರೆ ಅದು ಹೆಡ್‌ಮಾಸ್ಟರರ ಕುರ್ಚಿಯ ಬೆನ್ನಿಗೆ ಸಿಗುತ್ತದೆ. ಒಂದು ಕಬ್ಬಿಣದ ಬೀರು. ಅದರ ನೆತ್ತಿಯ ಮೇಲೆ ಕಡ್ಡಿ ಮುರಿದ ಗ್ಲೋಬು, ತಾಲ್ಲೂಕು ಮಟ್ಟದ ಕಬಡ್ಡಿ ಶೀಲ್ಡು, ಜಯಂತಿಗೆ ಮಾತ್ರ ಕೆಳಗಿಳಿಯುವ ಮಹನೀಯರ ಫೋಟೊಗಳು. ಒಳಗೆ ಗ್ರಂಥಾಲಯ. ಪ್ರತ್ಯೇಕ ಕೊಠಡಿ ಇರುವ ಪುಣ್ಯವಂತ ಶಾಲೆಗಳೂ ಇವೆ. ಬಾಗಿಲ ಮೇಲೆ ‘ಗ್ರಂಥಾಲಯ’ ಎಂದು ಎಣ್ಣೆಬಣ್ಣದಲ್ಲಿ ಬರೆದಿರುತ್ತದೆ. ಒಳಗೆ ಅಕ್ಷರ ದಾಸೋಹದ ಅಕ್ಕಿ, ತೊಗರಿಬೇಳೆ, ಹಾಲಿನ ಪುಡಿಯ ಚೀಲ, ಈ ಸಾಲಿನ ಸಮವಸ್ತ್ರ, ಹೋದ ಸಾಲಿನಲ್ಲಿ ಅಳತೆ ತಪ್ಪಿ ಬಂದ ಶೂಗಳು. ಚುನಾವಣೆ ಬಂದರೆ ಅದೇ ಕೊಠಡಿ ಮತಗಟ್ಟೆ. ಪ್ರಜಾಪ್ರಭುತ್ವಕ್ಕೆ ಗ್ರಂಥಾಲಯ ಅಡಿಪಾಯ ಎಂದು ಗೈಡಿನಲ್ಲಿ ಬರೆದದ್ದು ಸುಳ್ಳಲ್ಲ.

ಈ ಕೊಠಡಿಯಲ್ಲಿ ಒಂದು ಸೂಕ್ಷ್ಮ ಗಮನಿಸಬೇಕು. ಸರ್ಕಾರ ಮಕ್ಕಳಿಗೆಂದು ಕಳಿಸಿದ ಪ್ರತಿಯೊಂದು ವಸ್ತುವೂ ಇಲ್ಲಿಂದ ಹೊರಗೆ ಹೋಗಲೇಬೇಕು. 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು ಮಗುವಿನ ಲೋಟಕ್ಕೆ ಬೀಳಬೇಕು, ಮೊಟ್ಟೆ ತಟ್ಟೆಗೆ, ಶೂ ಕಾಲಿಗೆ. ಎಷ್ಟು ಹಂಚಿದಿರಿ ಎಂದು ಪ್ರತಿದಿನ ಲೆಕ್ಕ. ಹಾಲಿನ ಪುಡಿ ಹಂಚದೆ ಉಳಿಸಿಕೊಂಡ ಶಾಲೆಗೆ ನೋಟಿಸು ಬರುತ್ತದೆ. ಪುಸ್ತಕ ಹಂಚದೆ ಉಳಿಸಿಕೊಂಡ ಶಾಲೆಗೆ ‘ಗ್ರಂಥಾಲಯವನ್ನು ಅಚ್ಚುಕಟ್ಟಾಗಿ ನಿರ್ವಹಿಸಲಾಗಿದೆ’ ಎಂಬ ಷರಾ ಬರುತ್ತದೆ. ಮಕ್ಕಳಿಗೆಂದು ಬಂದು, ಮಕ್ಕಳ ಕೈ ಸೇರದೇ ಇದ್ದಷ್ಟೂ ಮರ್ಯಾದೆ ಹೆಚ್ಚಿಸಿಕೊಳ್ಳುವ ವಸ್ತು ಇದೊಂದೇ.

ಇದಕ್ಕೆ ಮೇಷ್ಟರನ್ನು ಬೈದು ಪ್ರಯೋಜನವಿಲ್ಲ. ಅವರ ತರ್ಕವನ್ನು ಕೇಳಿ. ಗ್ರಂಥಾಲಯದ ‘ಚಾರ್ಜು’ ಎಂಬುದು ನಮ್ಮಲ್ಲಿ ಪ್ರಶಸ್ತಿಯಲ್ಲ, ಗ್ರಹಚಾರ. ಹೊಸದಾಗಿ ವರ್ಗವಾಗಿ ಬಂದವರಿಗೋ, ಸಭೆಯ ದಿನ ರಜೆ ಹಾಕಿದವರಿಗೋ, ಕನ್ನಡ ಪಾಠ ಮಾಡುವ ತಪ್ಪಿಗೆ ಕನ್ನಡ ಮೇಷ್ಟರಿಗೋ ಅದು ಅಂಟುತ್ತದೆ. ಅಂಟಿದ ದಿನ ದಾಸ್ತಾನು ವಹಿಯಲ್ಲಿರುವ ಪ್ರತಿ ಪುಸ್ತಕಕ್ಕೂ ಸಹಿ ಹಾಕಿ ವಹಿಸಿಕೊಳ್ಳಬೇಕು. ಬಿಡುವ ದಿನ ಎಣಿಸಿ ಒಪ್ಪಿಸಬೇಕು. ನಡುವೆ ಒಂದು ಪುಸ್ತಕ ಕಾಣೆಯಾದರೆ ಬೇಬಾಕಿ ಪತ್ರ ಇಲ್ಲ. ಬೇಬಾಕಿ ಇಲ್ಲದಿದ್ದರೆ ಬಿಡುಗಡೆ ಇಲ್ಲ, ನಿವೃತ್ತರಾಗುವವರಿಗೆ ಪಿಂಚಣಿ ಕಡತ ಕದಲುವುದಿಲ್ಲ. ಮೂವತ್ತು ವರ್ಷ ವ್ಯಾಕರಣ ಕಲಿಸಿದವರು ಕೊನೆಯ ತಿಂಗಳು ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಗಳಲ್ಲಿ, ಹತ್ತು ವರ್ಷದ ಹಿಂದೆ ಯಾವನೋ ಹುಡುಗ ಕೊಂಡೊಯ್ದು ತಾರದ ಕಾದಂಬರಿಯನ್ನು ಹುಡುಕುತ್ತ ಅಲೆಯುವುದೇ ಅವರ ಸಾಹಿತ್ಯ ಸೇವೆಯ ಉಪಸಂಹಾರ.

ಕಳೆದ ಪುಸ್ತಕಕ್ಕೆ ವಸೂಲಾತಿ ಇದೆ, ಓದದ ಪುಸ್ತಕಕ್ಕೆ ಇಲ್ಲ. ಇಷ್ಟು ಅರ್ಥವಾದ ಮೇಲೂ ಬೀರುವಿನ ಬೀಗ ತೆಗೆಯುವ ಮೇಷ್ಟರು ಆದರ್ಶವಾದಿಯಾಗಿರಬೇಕು, ಇಲ್ಲವೇ ಲೆಕ್ಕದಲ್ಲಿ ವೀಕ್ ಆಗಿರಬೇಕು.

ಕೇಂದ್ರ ಸರ್ಕಾರ ಈ ವಿಷಯದಲ್ಲಿ ಸ್ವಲ್ಪ ದಯಾಳು. ಅದರ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ, ವರ್ಷದಲ್ಲಿ ಎರವಲು ಕೊಟ್ಟ ಅಥವಾ ಪರಾಮರ್ಶೆಗೆ ತೆಗೆದ ಸಾವಿರ ಪುಸ್ತಕಗಳಿಗೆ ಐದು ಕಳೆದರೆ ಅದು ಸಹಜ ನಷ್ಟ. ಅಪ್ರಾಮಾಣಿಕತೆಯೋ ನಿರ್ಲಕ್ಷ್ಯವೋ ಕಾರಣವಾಗಿರಬಾರದು, ಅಷ್ಟೆ. ಒಂದು ಸಾವಿರ ರೂಪಾಯಿಗೂ ಮೇಲ್ಪಟ್ಟ ಬೆಲೆಯ ಪುಸ್ತಕ ಮತ್ತು ಅಪರೂಪದ ಪುಸ್ತಕ ಕಳೆದರೆ ಮಾತ್ರ ವಿಚಾರಣೆ ಕಡ್ಡಾಯ. ಪುಸ್ತಕ ಎಂದರೆ ಕಳೆಯುವ ವಸ್ತು, ಓದುವವರ ಕೈಯಲ್ಲಿ ಸವೆಯುವ ವಸ್ತು ಎಂದು ಹಣಕಾಸಿನವರೇ ಒಪ್ಪಿಕೊಂಡ ಅಪರೂಪದ ಸಾಲು ಇದು. ಆದರೆ ಇದರೊಳಗಿನ ಗಣಿತವನ್ನು ನಮ್ಮ ಬೀರುವಿಗೆ ಅನ್ವಯಿಸಿ ನೋಡಿ. ಸಾವಿರ ಕೊಟ್ಟರೆ ಐದು ಕಳೆಯಬಹುದು. ಸೊನ್ನೆ ಕೊಟ್ಟರೆ ಕಳೆಯುವುದಕ್ಕೆ ಅನುಮತಿಯೂ ಸೊನ್ನೆ. ನಮ್ಮ ಪ್ರೌಢಶಾಲೆಗಳು ಈ ಸಮೀಕರಣದ ಎರಡೂ ಬದಿಯಲ್ಲಿ ಸೊನ್ನೆ ಇಟ್ಟು ಸರಿದೂಗಿಸಿವೆ. ಆಡಿಟರು ಟಿಕ್ ಹಾಕಿದ್ದಾರೆ.

ಕಾನೂನಿನ ಆಶ್ರಯವೂ ಇದೆ, ಸ್ವಲ್ಪ ದೂರದವರೆಗೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅಲ್ಲಿ ದಿನಪತ್ರಿಕೆ, ನಿಯತಕಾಲಿಕ, ಎಲ್ಲ ವಿಷಯಗಳ ಪುಸ್ತಕ, ಕಥೆಪುಸ್ತಕ ಸಹ ಸಿಗಬೇಕು ಎನ್ನುತ್ತದೆ. ಆದರೆ ಆ ಕಾಯ್ದೆಯ ಕೈ ಎಂಟನೇ ತರಗತಿಯವರೆಗೆ ಮಾತ್ರ ಚಾಚುತ್ತದೆ. ಕರ್ನಾಟಕದ ಪ್ರೌಢಶಾಲೆ ಎಂಟರಿಂದ ಹತ್ತು. ಅಂದರೆ ಎಂಟನೇ ತರಗತಿಯ ಹುಡುಗಿ ಕಾನೂನುಬದ್ಧವಾಗಿ ಕಥೆಪುಸ್ತಕ ಕೇಳಬಹುದು. ಪಾಸಾಗಿ ಒಂಬತ್ತಕ್ಕೆ ಹೋದ ದಿನ ಆ ಹಕ್ಕು ಕಳಚಿ ಬೀಳುತ್ತದೆ. ಪುಸ್ತಕ ಬೇಕಿದ್ದರೆ ಫೇಲಾಗು ಎಂದು ಶಾಸನ ಬಾಯಿಬಿಟ್ಟು ಹೇಳಿಲ್ಲ.

ಗ್ರಂಥಪಾಲಕರ ವಿಷಯಕ್ಕೆ ಬರೋಣ. ಕೇಂದ್ರೀಯ ವಿದ್ಯಾಲಯದಲ್ಲಿ ಗ್ರಂಥಪಾಲಕರ ಹುದ್ದೆ ಇದೆ. ನವೋದಯದಲ್ಲಿ ಇದೆ. ಅದೇ ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕರಿರಬಹುದು, ಚಿತ್ರಕಲೆಯವರಿರಬಹುದು, ಗುಮಾಸ್ತರಿರಬಹುದು. ಗ್ರಂಥಪಾಲಕರು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಬಹುಶಃ ವರ್ಗಾವಣೆಯಾಗುವ ಅಧಿಕಾರಿಯ ಮಗನಿಗೆ ಯಾವ ಪುಸ್ತಕ ಓದಬೇಕೆಂದು ತೋರಿಸಲು ಒಬ್ಬರು ಬೇಕು. ಮನೆಯಲ್ಲಿ ಪಡಿತರ ಚೀಟಿ ಬಿಟ್ಟರೆ ಬೇರೆ ಮುದ್ರಿತ ಸಾಹಿತ್ಯವೇ ಇಲ್ಲದ ಕೂಲಿಕಾರರ ಮಗಳು ತಾನೇ ಹುಡುಕಿಕೊಳ್ಳುತ್ತಾಳೆ ಎಂಬ ನಂಬಿಕೆ ಇರಬೇಕು. ಶಿಕ್ಷಣ ನೀತಿ ರಾಷ್ಟ್ರದ್ದಾಗಬೇಕೋ ರಾಜ್ಯದ್ದೇ ಆಗಬೇಕೋ ಎಂಬ ಜಗಳ ನಮ್ಮಲ್ಲಿ ಜೋರಾಗಿದೆ. ಬೀಗದ ಕೈ ಯಾರ ಸೊಂಟದಲ್ಲಿರಬೇಕು ಎಂಬ ವಿಷಯದಲ್ಲಿ ಮಾತ್ರ ಸರ್ವಪಕ್ಷ ಒಮ್ಮತ.

ಹಣ ಇಲ್ಲ ಎನ್ನುವಂತಿಲ್ಲ. 2018ರಲ್ಲಿ ಬಂದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಯ ಮಟ್ಟಕ್ಕೆ ತಕ್ಕಂತೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನಕ್ಕೆ ಅವಕಾಶವಿದೆ. ಸರ್ಕಾರಿ ಅನುದಾನಗಳಿಗೆ ವಸಂತ ಋತುವಿನ ಮೇಲೆ ವಿಶೇಷ ಪ್ರೀತಿ. ಮಾವು ಚಿಗುರುವ ಹೊತ್ತಿಗೆ ಅವೂ ಚಿಗುರುತ್ತವೆ. ಮಾರ್ಚ್ 31ರೊಳಗೆ ಖರ್ಚಾಗಿ, ಹಣ ಬಳಕೆ ಪ್ರಮಾಣಪತ್ರ ಮೇಲಕ್ಕೆ ಹೋಗಬೇಕು. ಆ ಅವಸರದಲ್ಲಿ ಕೊಳ್ಳುವುದು ಯಾವ ಪುಸ್ತಕ? ಹದಿನಾಲ್ಕು ವರ್ಷದವರಿಗೆ ಏನು ಇಷ್ಟ ಎಂದು ಹದಿನಾಲ್ಕು ವರ್ಷದವರನ್ನು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಆದ್ದರಿಂದ ಬೀರುವಿಗೆ ಆಡಳಿತ ಸೇವೆಯ ಪರೀಕ್ಷಾ ಮಾರ್ಗದರ್ಶಿ ಬರುತ್ತದೆ, ವಚನ ಸಾಹಿತ್ಯದ ಮೇಲಿನ ಸಂಶೋಧನಾ ಪ್ರಬಂಧ ಬರುತ್ತದೆ, ಯಶಸ್ಸಿನ ಮೆಟ್ಟಿಲುಗಳ ಕುರಿತು ಮೆಟ್ಟಿಲು ಹತ್ತದವರು ಬರೆದದ್ದು ಬರುತ್ತದೆ. ನಿವೃತ್ತರಾದ ಗಣ್ಯರು ತಮ್ಮ ಅಭಿನಂದನ ಗ್ರಂಥದ ಉಳಿದ ಪ್ರತಿಗಳನ್ನು ‘ಮಕ್ಕಳ ಜ್ಞಾನಾರ್ಜನೆಗಾಗಿ’ ದಾನ ಮಾಡಿ ಮನೆಯ ಅಟ್ಟ ಖಾಲಿ ಮಾಡಿಕೊಳ್ಳುತ್ತಾರೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’, ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’, ಕಾರಂತರ ‘ಬಾಲ ಪ್ರಪಂಚ’ ಅಲ್ಲಿ ಇರುವುದೇ ಇಲ್ಲ ಎಂದಲ್ಲ. ಕೆಳಗಿನ ಅರೆಯಲ್ಲಿ, ಅಭಿನಂದನ ಗ್ರಂಥದ ಭಾರ ಹೊತ್ತುಕೊಂಡು ಇರುತ್ತವೆ.

ಇನ್ನು ನಾವು ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಹಾಕಿಕೊಟ್ಟ ದಾರಿ ಅದು. ಆ ದುಡ್ಡಿಗೂ ಹೈಸ್ಕೂಲಿನ ಬೀರುವಿಗೂ ನೆಂಟಸ್ತಿಕೆ ಇಲ್ಲ. ವಸೂಲು ಮಾಡಿದ ಸ್ಥಳೀಯ ಸಂಸ್ಥೆಗಳಿಂದ ಗ್ರಂಥಾಲಯ ಇಲಾಖೆಗೆ ಅದು ಸಲೀಸಾಗಿ ಹೋಗುತ್ತದೆಯೇ ಎಂದು ಕೇಳಿ ಇಬ್ಬರಿಗೂ ಮುಜುಗರ ಮಾಡುವುದು ಬೇಡ.

ಈಗ ಪಾಠಕ್ಕೆ ಬರೋಣ, ಯಾಕೆಂದರೆ ಗ್ರಂಥಾಲಯದ ನಿಜವಾದ ಬೆಂಬಲ ಕಾಣುವುದು ಅಲ್ಲಿಯೇ. ಕನ್ನಡ ಪಠ್ಯದಲ್ಲಿ ಪ್ರತಿ ಲೇಖಕರ ಪರಿಚಯ ಇರುತ್ತದೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕ ಇದೆ. ಸ್ಥಳ, ಕಾಲ, ಕೃತಿ, ಪ್ರಶಸ್ತಿ. ಹುಡುಗರು ಮಗ್ಗಿಯ ಹಾಗೆ ಉರು ಹೊಡೆಯುತ್ತಾರೆ: ಶಿವರಾಮ ಕಾರಂತ, ಕೋಟ, 1902, ಚೋಮನ ದುಡಿ, ಬೆಟ್ಟದ ಜೀವ, ಮರಳಿ ಮಣ್ಣಿಗೆ, ಮೂಕಜ್ಜಿಯ ಕನಸುಗಳು, 1977ರ ಜ್ಞಾನಪೀಠ. ಹೀಗೆ ಹತ್ತು ಲೇಖಕರು, ಐವತ್ತು ಶೀರ್ಷಿಕೆಗಳು. ಐವತ್ತರಲ್ಲಿ ಒಂದರ ಮೊದಲ ಪುಟವನ್ನೂ ನೋಡದೆ, ಐವತ್ತನ್ನೂ ತಪ್ಪಿಲ್ಲದೆ ಬರೆಯುವ ಮಗುವಿಗೆ ‘ಸಾಹಿತ್ಯದಲ್ಲಿ ಆಸಕ್ತಿ ಇದೆ’ ಎಂದು ಪ್ರಮಾಣಪತ್ರ. ಉರು ಹೊಡೆಯುತ್ತಿರುವ ಬೆಂಚಿಗೂ ಆ ಚೋಮ ಬಂಧಿಯಾಗಿರುವ ಬೀರುವಿಗೂ ನಡುವೆ ಒಂದೇ ಗೋಡೆ. ಗೋಡೆ ಬಳಸಿ ಹೋದರೆ ಬಾಗಿಲು ಸಿಗುತ್ತದೆ. ಆದರೆ ಪುಸ್ತಕ ಓದಿಬಿಟ್ಟ ಹುಡುಗನಿಗೆ ಶೀರ್ಷಿಕೆಯ ಜೊತೆಗೆ ಕಥೆಯೂ ತಲೆಯಲ್ಲಿ ಕೂತು, ಪ್ರಶ್ನೆಪತ್ರಿಕೆಗೆ ಬೇಡವಾದ ಆಲೋಚನೆಗಳು ಶುರುವಾದರೆ ಹೊಣೆ ಯಾರು?

ವೇಳಾಪಟ್ಟಿಯಲ್ಲಿ ‘ಲೈಬ್ರರಿ ಪಿರಿಯಡ್’ ಎಂದು ಬರೆದಿರುವ ಶಾಲೆಗಳಿವೆ. ದಸರಾ ರಜೆಯವರೆಗೆ ಆ ಪಿರಿಯಡ್ಡನ್ನು ಗಣಿತದವರು ಸಾಲ ಪಡೆಯುತ್ತಾರೆ. ಆಮೇಲೆ ವಿಜ್ಞಾನದವರು. ಜನವರಿಯಿಂದ ಅದು ‘ಪಾಸಿಂಗ್ ಪ್ಯಾಕೇಜ್’ ಸ್ವತ್ತು. ಗೊತ್ತಿಲ್ಲದವರಿಗೆ ಹೇಳಬೇಕು: ಇಡೀ ಪಠ್ಯಪುಸ್ತಕವೇ ಹೆಚ್ಚಾಯಿತೆಂದು, ಪಾಸಾಗಲು ಎಷ್ಟು ಬೇಕೋ ಅಷ್ಟನ್ನೇ ಸೋಸಿ ತೆಗೆದ ಹಾಳೆಗಳ ಕಟ್ಟು ಅದು. ಜೆರಾಕ್ಸ್ ಅಂಗಡಿಯಲ್ಲಿ ಸಿಗುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ ಹರಿಯುತ್ತದೆ. ನಮ್ಮ ಪ್ರೌಢಶಾಲೆಗಳಲ್ಲಿ ಅತಿ ಹೆಚ್ಚು ಮಕ್ಕಳು ಓದುವ, ಓದಿ ಮುಗಿಸುವ, ಗೆಳೆಯರಿಗೆ ಕೊಡುವ ಕೃತಿ ಇದೇ. ಓದುವ ಅಭ್ಯಾಸ ಸತ್ತಿದೆ ಎನ್ನುವವರು ಇದನ್ನು ಗಮನಿಸಬೇಕು. 2024ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂದು ವೆಬ್‌ಕಾಸ್ಟಿಂಗ್ ಶುರುವಾಯಿತು. ಮಗು ಉತ್ತರ ಬರೆಯುವ ಮೂರು ಗಂಟೆ ನೋಡಲು ಅಷ್ಟು ಕಣ್ಣುಗಳಿವೆ. ಅದು ಮೂರು ವರ್ಷ ಏನನ್ನು ಓದಿತು ಎಂದು ನೋಡಲು ಒಂದೂ ಇಲ್ಲ.

ಬೀಗ ತೆಗೆಯಲಾಗದಿದ್ದರೆ ಡಿಜಿಟಲ್ ಮಾಡಿ ಎಂಬ ಪರಿಹಾರವೂ ಜಾರಿಯಲ್ಲಿದೆ. 2020ರಲ್ಲಿ ಕರ್ನಾಟಕದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಬಂತು. ಮೊಬೈಲಿನಲ್ಲೇ ಪುಸ್ತಕ. ಮೊಬೈಲು ಶಾಲೆಗೆ ತರುವಂತಿಲ್ಲ, ತಂದರೆ ಮುಟ್ಟುಗೋಲು. ಮನೆಯಲ್ಲಿ ಅದು ಅಣ್ಣನ ಕೈಯಲ್ಲಿ, ಅಣ್ಣ ಗಾರ್ಮೆಂಟ್ಸಿಗೆ ಹೋಗಿದ್ದರೆ ಅವನ ಜೇಬಿನಲ್ಲಿ. ಹೀಗೆ ಪುಸ್ತಕ ಬೀರುವಿನಲ್ಲೂ ಭದ್ರ, ಮೋಡದಲ್ಲೂ ಭದ್ರ. ನಡುವೆ ನಿಂತ ಹುಡುಗಿಯ ಕೈಗೆ ಮಾತ್ರ ಎರಡೂ ಎಟುಕುವುದಿಲ್ಲ.

ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಬದುಕಿನ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲೇ, 1972ರಲ್ಲಿ ತೀರಿಕೊಂಡದ್ದೂ ಇಲ್ಲೇ. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳನ್ನು ಜಗತ್ತು ಇಂದಿಗೂ ಪಾಠ ಮಾಡುತ್ತದೆ. ಪುಸ್ತಕ ಇರುವುದು ಬಳಕೆಗೆ, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು, ಓದುಗನ ಹೊತ್ತು ಹಾಳಾಗಬಾರದು, ಗ್ರಂಥಾಲಯ ಬೆಳೆಯುವ ಜೀವಿ ಎಂಬುದು ಅವುಗಳ ಸಾರ. ನಮ್ಮ ಬೀರು ನಾಲ್ಕನೆಯದನ್ನು ಅಕ್ಷರಶಃ ಪಾಲಿಸುತ್ತಿದೆ. ಓದುಗನ ಒಂದು ನಿಮಿಷವನ್ನೂ ಅದು ತೆಗೆದುಕೊಂಡಿಲ್ಲ. ಐದನೆಯದನ್ನು ಗೆದ್ದಲು ವಹಿಸಿಕೊಂಡಿದೆ. ಗೆದ್ದಲು ಸಹಿ ಹಾಕದೆ ಎರವಲು ಪಡೆಯುತ್ತದೆ, ಮೇಷ್ಟರು ಹೆದರುವುದಿಲ್ಲ. ಹುಳು ತಿಂದ ಪುಸ್ತಕವನ್ನು ಪಟ್ಟಿ ಮಾಡಿ, ಮಹಜರು ಬರೆದು, ವಜಾ ಮಾಡಲು ದಾರಿ ಇದೆ. ಓದಿ ಓದಿ ಹರಿದ ಪುಸ್ತಕಕ್ಕೆ ವಿವರಣೆ ಕೊಡಬೇಕು. ಆಗಸ್ಟ್ 12, ರಂಗನಾಥನ್ ಅವರ ಹೆಸರಿನಲ್ಲಿ ಗ್ರಂಥಪಾಲಕರ ದಿನ. ಗ್ರಂಥಪಾಲಕರಿಲ್ಲದ ಶಾಲೆಯಲ್ಲಿ ಅದರ ಆಚರಣೆ ಸುಲಭ. ಫೋಟೊಗೆ ಹಾರ ಹಾಕಿ, ಬೀರುವಿಗೂ ಕುಂಕುಮ ಹಚ್ಚಿದರೆ ಆಯಿತು.

ಹಾಗೆಂದು ಕಿಡಿಗೇಡಿಗಳು ಇಲ್ಲವೆಂದಲ್ಲ. ಕೆಲವು ಶಾಲೆಗಳಲ್ಲಿ ಮೇಷ್ಟರು, ಮೇಡಂಗಳು ಪುಸ್ತಕಗಳನ್ನು ಬೀರುವಿನಿಂದ ತೆಗೆದು ಕಾರಿಡಾರಿನಲ್ಲಿ ಹಗ್ಗ ಕಟ್ಟಿ ನೇತುಹಾಕಿದ್ದಾರೆ. ಎರವಲು ವಹಿಯನ್ನು ಒಂಬತ್ತನೇ ತರಗತಿಯ ಹುಡುಗಿಗೆ ಒಪ್ಪಿಸಿದ್ದಾರೆ. ಪುಸ್ತಕ ಕಳೆದರೆ ಸ್ವಂತ ಜೇಬಿನಿಂದ ಕಟ್ಟಿ ಸುಮ್ಮನಾಗುತ್ತಾರೆ, ಮನೆಯಲ್ಲೂ ಹೇಳುವುದಿಲ್ಲ. ಶಾಲೆಯ ಹೊರಗೂ ಇಂಥ ನಿಯಮಭಂಜಕರಿದ್ದಾರೆ. ಬಸ್ ಕಂಡಕ್ಟರ್ ಆಗಿ, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಅಂಕೇಗೌಡರು ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯಲ್ಲಿ ಲಕ್ಷಗಟ್ಟಲೆ ಪುಸ್ತಕ ಕೂಡಿಟ್ಟು ಬಾಗಿಲು ತೆರೆದಿಟ್ಟರು. ಮೈಸೂರಿನ ರಾಜೀವನಗರದಲ್ಲಿ ಕೂಲಿ ಕೆಲಸ ಮಾಡುವ ಸೈಯದ್ ಇಸಾಕ್ ಬಡಾವಣೆಯ ಜನರಿಗಾಗಿ ಹತ್ತು ಸಾವಿರಕ್ಕೂ ಹೆಚ್ಚು ಪುಸ್ತಕಗಳ ಗ್ರಂಥಾಲಯ ನಡೆಸುತ್ತಿದ್ದರು. 2021ರ ಏಪ್ರಿಲಿನಲ್ಲಿ ಅದು ಬೆಂಕಿಗೆ ಬೂದಿಯಾಯಿತು. ನಾಡಿನ ಎಲ್ಲ ಕಡೆಯಿಂದ ಜನ ಪುಸ್ತಕ ಕಳಿಸಿದರು, ಹಣ ಕಳಿಸಿದರು. ಇಬ್ಬರಲ್ಲಿ ಯಾರಿಗೂ ಅನುದಾನದ ತಲೆನೋವು ಇರಲಿಲ್ಲ, ವಸೂಲಾತಿಯ ಭಯವೂ ಇರಲಿಲ್ಲ. ಎರಡನೆಯದು ಇಲ್ಲದಿದ್ದುದೇ ಮುಖ್ಯ ಎಂದು ನನ್ನ ಗುಮಾನಿ.

‘ಈಗಿನ ಮಕ್ಕಳು ಎಲ್ಲಿ ಓದುತ್ತಾರೆ ಸಾರ್, ಬರೀ ಮೊಬೈಲು’ ಎಂಬ ಸಾಲಿಲ್ಲದೆ ನಮ್ಮಲ್ಲಿ ಯಾವ ವಾರ್ಷಿಕೋತ್ಸವವೂ ಮುಗಿಯುವುದಿಲ್ಲ. ವೇದಿಕೆಯ ಮೇಲೆ ಇದನ್ನು ಹೇಳುವವರ ಬೆನ್ನ ಹಿಂದೆ ಆ ಬೀರು ಬೀಗ ಹಾಕಿಕೊಂಡು ನಿಂತಿರುತ್ತದೆ. ಈ ಮಾತಿಗೆ ಸರ್ಕಾರವೇ ಒಮ್ಮೆ ಉತ್ತರ ಕೊಟ್ಟಿತ್ತು. 2020ರ ನವೆಂಬರಿನಲ್ಲಿ, ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದಾಗ, ಗ್ರಾಮೀಣಾಭಿವೃದ್ಧಿ ಇಲಾಖೆ ‘ಓದುವ ಬೆಳಕು’ ಎಂದು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಶಾಲಾ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಲಕ್ಷಗಟ್ಟಲೆ ಮಕ್ಕಳು ಹೆಸರು ಬರೆಸಿದರು. ಅಂದರೆ ಮಕ್ಕಳು ಓದುವುದಿಲ್ಲ ಎಂಬುದು ಪತ್ತೆಯಾಗಿದ್ದದ್ದು ಬಾಗಿಲು ಮುಚ್ಚಿದ್ದ ಕಡೆಗಳಲ್ಲಿ ಮಾತ್ರ. ಪಂಚಾಯಿತಿಯ ಕಟ್ಟಡದಲ್ಲಿ ಪುಸ್ತಕ ಕೇಳಿದ ಅದೇ ಮಗು ಶಾಲೆಯಲ್ಲಿ ಮಾತ್ರ ಮೊಬೈಲ್ ವ್ಯಸನಿ ಆಗುವುದು ಹೇಗೆ ಎಂಬುದನ್ನು ಯಾರಾದರೂ ಸಂಶೋಧಿಸಬೇಕು. ಪ್ರಬಂಧ ಸಿದ್ಧವಾದರೆ ಬೀರುವಿನಲ್ಲಿ ಜಾಗ ಇದೆ.

ಉಪಸಂಹಾರ

ಗೈಡಿನಲ್ಲಿ ಇಲ್ಲಿ ‘ಗ್ರಂಥಾಲಯದ ಸದುಪಯೋಗ ಪಡೆದುಕೊಳ್ಳೋಣ’ ಎಂದು ಮಕ್ಕಳಿಗೆ ಕರೆ ಇರುತ್ತದೆ. ಮಕ್ಕಳಿಗೆ ಹೇಳುವುದೇನೂ ಇಲ್ಲ. ಹೇಳಬೇಕಾದದ್ದು ದೊಡ್ಡವರಿಗೆ, ಅದೂ ಹೆಚ್ಚೇನಿಲ್ಲ.

ಓದಿಗೆ ಹೋಗಿ ಕಳೆದ ಪುಸ್ತಕವನ್ನು ಮೇಷ್ಟರ ಸಂಬಳದಿಂದ, ಪಿಂಚಣಿಯಿಂದ ಕಿತ್ತುಕೊಳ್ಳುವುದಿಲ್ಲ ಎಂದು ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ. ಖರ್ಚಿಲ್ಲದ ಕೆಲಸ, ಒಂದು ಹಾಳೆ ಸಾಕು. ಸಾವಿರಕ್ಕೆ ಐದು ಎಂಬ ಕೇಂದ್ರದ ಮಾದರಿ ಕಣ್ಣ ಮುಂದೆಯೇ ಇದೆ. ಪ್ರತಿ ಪ್ರೌಢಶಾಲೆಗೂ ಒಬ್ಬ ಗ್ರಂಥಪಾಲಕರನ್ನು ಕೊಡಲು ಹಣವಿಲ್ಲದಿದ್ದರೆ ಅಕ್ಕಪಕ್ಕದ ನಾಲ್ಕಾರು ಶಾಲೆಗಳಿಗೆ ಒಬ್ಬರನ್ನಾದರೂ ನೇಮಿಸಲಿ. ತಪಾಸಣೆಗೆ ಬರುವ ಅಧಿಕಾರಿಗಳು ಬೀರುವಿನಲ್ಲಿ ಎಷ್ಟು ಪುಸ್ತಕ ಇವೆ ಎಂದು ಎಣಿಸುವುದನ್ನು ಬಿಟ್ಟು, ಎಷ್ಟು ಇಲ್ಲ, ಯಾವ ಯಾವ ಮಗುವಿನ ಮನೆಯಲ್ಲಿವೆ ಎಂದು ಕೇಳಲಿ.

ಓದುಗರಾದ ನಿಮಗೂ ಒಂದು ಮಾತು. ಓದಿದ ಶಾಲೆಯ ಋಣ ತೀರಿಸಲು ಹಳೇ ವಿದ್ಯಾರ್ಥಿಗಳ ಸಂಘದಿಂದ ಇನ್ನೊ‌ಂದು ಬೀರು ದಾನ ಮಾಡಿ, ಅದರ ಮೇಲೆ ನಿಮ್ಮ ಹೆಸರು ಬರೆಸಬೇಡಿ. ಮುಂದಿನ ಎಸ್‌ಡಿಎಂಸಿ ಸಭೆಗೆ ಹೋಗಿ ಎರವಲು ವಹಿ ತೋರಿಸಿ ಎಂದು ಕೇಳಿ. ಕಳೆದ ತಿಂಗಳಲ್ಲಿ ಒಂದೂ ಹೆಸರಿಲ್ಲದಿದ್ದರೆ, ಈ ಶಾಲೆಯಲ್ಲಿ ಗ್ರಂಥಾಲಯ ಇಲ್ಲ ಎಂದು ನಡವಳಿ ಪುಸ್ತಕದಲ್ಲಿ ಬರೆಸಿ ಸಹಿ ಹಾಕಿ ಬನ್ನಿ.